ಕಡಿಮೆ ದುಡ್ಡಿನಲ್ಲಿ ಆಫ್ರಿಕಾದ ಕಲೆ ನೋಡುವವರು ತಮಾಲೆಗೆ ಹೋಗಬೇಕು

ಆಫ್ರಿಕಾದ ಇಂದಿನ ಕಲೆಯನ್ನು ನೋಡಬೇಕು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: ಘಾನಾ ದೇಶದ ಉತ್ತರ ಭಾಗದಲ್ಲಿರುವ ತಮಾಲೆ. ರಾಜಧಾನಿ ಅಕ್ರಾದಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ಊರಿನ ಹೊರವಲಯದಲ್ಲಿ, ಕೆಂಪು ಮಣ್ಣಿನ ಬಯಲಿನಲ್ಲಿ, ಇಬ್ರಾಹಿಂ ಮಹಾಮಾ ಎಂಬ ಕಲಾವಿದರು ‘ರೆಡ್ ಕ್ಲೇ’ ಎಂಬ ಜಾಗವನ್ನು ಕಟ್ಟಿದ್ದಾರೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಊರಿನವರಿಗೂ ಇಲ್ಲ, ಹೊರಗಿನವರಿಗೂ ಇಲ್ಲ. ಹಳೆಯ ವಿಮಾನಗಳು, ರೈಲು ಬೋಗಿಗಳು, ಇಟ್ಟಿಗೆಯ ದೊಡ್ಡ ದೊಡ್ಡ ಸಭಾಂಗಣಗಳು, ಅವುಗಳ ನಡುವೆ ಓಡಾಡುವ ಶಾಲಾ ಮಕ್ಕಳು. ನಾನು ಈವರೆಗೆ ನೋಡಿದ ಯಾವ ಕಲಾ ಸಂಗ್ರಹಾಲಯವೂ ನನ್ನನ್ನು ಇಷ್ಟು ಅಲುಗಾಡಿಸಿಲ್ಲ.

ಮಹಾಮಾ ಹುಟ್ಟಿದ್ದು ತಮಾಲೆಯಲ್ಲೇ, 1987ರಲ್ಲಿ. ಕಲಿತದ್ದು ಘಾನಾದ ಇನ್ನೊಂದು ದೊಡ್ಡ ನಗರವಾದ ಕುಮಾಸಿಯ ವಿಶ್ವವಿದ್ಯಾಲಯದಲ್ಲಿ. ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಮೇಳವಾದ ವೆನಿಸ್ ಬಿನಾಲೆಯಲ್ಲಿ, 2015ರಲ್ಲಿ, ಗೋಣಿಚೀಲಗಳನ್ನು ಹೊಲಿದು ಮಾಡಿದ ಬೃಹತ್ ಗೋಣಿತಾಟುಗಳನ್ನು ಗೋಡೆಗಳ ಮೇಲೆ ಇಳಿಬಿಟ್ಟಾಗ ಜಗತ್ತು ಅವರತ್ತ ತಿರುಗಿ ನೋಡಿತು. 2017ರಲ್ಲಿ ಜರ್ಮನಿಯ ಕಾಸೆಲ್ ನಗರದ ಕಟ್ಟಡಗಳಿಗೂ ಅದೇ ಗೋಣಿ ಹೊದಿಸಿದರು. ಹೊರದೇಶದ ಗ್ಯಾಲರಿಗಳಲ್ಲಿ ಕೃತಿಗಳು ಮಾರಾಟವಾಗಿ ಬಂದ ಹಣವನ್ನು ಅವರು ಹುಟ್ಟೂರಿಗೆ ತಂದು ಸುರಿದರು. 2019ರಲ್ಲಿ ಸವಾನಾ ಸಮಕಾಲೀನ ಕಲಾ ಕೇಂದ್ರ ತೆರೆಯಿತು. ಮರುವರ್ಷ ರೆಡ್ ಕ್ಲೇ. ಅದರ ಬೆನ್ನಿಗೇ, ದಶಕಗಳಿಂದ ಪಾಳುಬಿದ್ದಿದ್ದ ಒಂದು ಕಾಂಕ್ರೀಟ್ ಕಣಜವನ್ನು ಕೊಂಡು ಅದಕ್ಕೂ ಜೀವ ತುಂಬಿದರು.

ಗೋಣಿಚೀಲದ ಮಾತು ಬಂದಾಗ ನಾನು ತಟಸ್ಥನಾಗಿ ಬರೆಯಲಾರೆ. ನನ್ನ ತಂದೆ ಎಪಿಎಂಸಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಹಮಾಲರು ಬೆನ್ನಿನ ಮೇಲೆ ಹೊತ್ತ ಚೀಲ, ಕೊಕ್ಕೆ ಹಾಕಿ ಎಳೆಯುವ ಸದ್ದು, ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿಯುವ ಹೆಂಗಸರ ಕೈವೇಗ, ಇವುಗಳ ನಡುವೆಯೇ ನಾನು ಬೆಳೆದೆ. ಆ ಚೀಲವನ್ನು ಯಾರಾದರೂ ಕಲೆಯೆಂದು ಗೋಡೆಗೆ ಏರಿಸಬಹುದೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಘಾನಾ ಜಗತ್ತಿನ ದೊಡ್ಡ ಕೋಕೋ ಬೆಳೆಗಾರ ದೇಶಗಳಲ್ಲಿ ಒಂದು. ಆದರೆ ಕೋಕೋ ತುಂಬುವ ಸೆಣಬಿನ ಚೀಲ ಅಲ್ಲಿಯದಲ್ಲ. ಬಾಂಗ್ಲಾದೇಶ, ಭಾರತದಂಥ ದೇಶಗಳಲ್ಲಿ ನೇಯ್ದು ಹಡಗಿನಲ್ಲಿ ಹೋಗುವಂಥದ್ದು. ಅಲ್ಲಿ ಅದರ ಮೇಲೆ ‘ಘಾನಾದ ಉತ್ಪನ್ನ’ ಎಂಬ ಮುದ್ರೆ ಇರುತ್ತದೆ. ಕೋಕೋ ಕೆಲಸ ಮುಗಿದ ಚೀಲ ಅಕ್ಕಿಗೆ, ಮೆಕ್ಕೆಜೋಳಕ್ಕೆ ಸಾಗುತ್ತದೆ. ಕೊನೆಗೆ ಇದ್ದಿಲು ಮಾರುವವರ ಕೈಗೆ ಸೇರುತ್ತದೆ. ಅಷ್ಟರಲ್ಲಿ ಅದು ಹರಿದು, ತೇಪೆ ಹಾಕಿಸಿಕೊಂಡು, ಎಣ್ಣೆ ಬೆವರು ಕುಡಿದು, ಮಾಲೀಕರು ಮಸಿಯಲ್ಲಿ ಬರೆದ ಹೆಸರುಗಳನ್ನು ಹೊತ್ತಿರುತ್ತದೆ. ಮಹಾಮಾ ಹೊಸ ಚೀಲ ಕೊಟ್ಟು ಅಂಥ ಹಳೆಯ ಚೀಲಗಳನ್ನು ಬದಲಿಗೆ ಪಡೆಯುತ್ತಿದ್ದರು. ಅವುಗಳನ್ನು ಹೊಲಿದವರಲ್ಲಿ ಬಹಳ ಮಂದಿ ಉತ್ತರದಿಂದ ಕೆಲಸ ಹುಡುಕಿಕೊಂಡು ದಕ್ಷಿಣದ ನಗರಗಳಿಗೆ ಹೋದವರು. ಅಂಥ ಕೆಲಸಗಾರರಲ್ಲಿ ಕೆಲವರು ಮುಂಗೈ ಮೇಲೆ ತಮ್ಮ ಹೆಸರು, ಮನೆಯವರ ಹೆಸರು ಹಚ್ಚೆ ಹಾಕಿಸಿಕೊಂಡಿರುತ್ತಾರೆ. ಊರು ಬಿಟ್ಟ ಜಾಗದಲ್ಲಿ ಏನಾದರೂ ಅನಾಹುತವಾದರೆ ಗುರುತು ಸಿಗಲಿ ಎಂದು. ಆ ಮುಂಗೈಗಳ ಛಾಯಾಚಿತ್ರಗಳನ್ನೂ ಮಹಾಮಾ ಮಾಡಿದ್ದಾರೆ. ಚೀಲದ ಮೇಲಿನ ಹೆಸರು ಮತ್ತು ತೋಳಿನ ಮೇಲಿನ ಹೆಸರು ಎರಡನ್ನೂ ಒಟ್ಟಿಗೆ ಯೋಚಿಸಿದಾಗ ನನಗೆ ಮಾತು ಹೊರಡಲಿಲ್ಲ.

ಅಕ್ರಾದ ಮಾರುಕಟ್ಟೆಗಳಲ್ಲಿ ಅಗಲವಾದ ಲೋಹದ ಬೋಗುಣಿಯನ್ನು ತಲೆಯ ಮೇಲಿಟ್ಟುಕೊಂಡು ಕೊಂಡವರ ಸಾಮಾನು ಹೊರುವ ಹುಡುಗಿಯರು ಕಾಣಿಸುತ್ತಾರೆ. ಅವರನ್ನು ಕಾಯಾಯೇ ಎನ್ನುತ್ತಾರೆ. ಹೆಚ್ಚಿನವರು ತಮಾಲೆಯ ಸುತ್ತಮುತ್ತಲಿನ ಹಳ್ಳಿಗಳವರು, ಹದಿಹರೆಯದವರು. ಆದ್ದರಿಂದ ಅಕ್ರಾಕ್ಕೆ ವಿಮಾನದಲ್ಲಿ ಇಳಿದು ಅಲ್ಲಿಂದ ಇನ್ನೊಂದು ವಿಮಾನ ಹತ್ತಿ ತಮಾಲೆಗೆ ಹಾರುವುದಕ್ಕಿಂತ ಬಸ್ಸಿನಲ್ಲಿ ಹೋಗಿ ಎಂದು ನಾನು ಹೇಳುತ್ತೇನೆ. ಹಣ ಉಳಿಯುತ್ತದೆ ಎಂಬುದು ಒಂದು ಕಾರಣ. ಆ ಹುಡುಗಿಯರು ಬಂದ ದಾರಿಯೇ ಅದು ಎಂಬುದು ಇನ್ನೊಂದು. ಕುಮಾಸಿಯವರೆಗೆ ದಟ್ಟ ಹಸಿರು, ಕೋಕೋ ಸೀಮೆ. ಕಿಂಟಾಂಪೊ ದಾಟಿದ ಮೇಲೆ ಕಾಡು ತೆಳುವಾಗಿ ಹುಲ್ಲುಗಾವಲು, ಅಲ್ಲಲ್ಲಿ ಬೀಜದಿಂದ ಬೆಣ್ಣೆಯಂಥ ಕೊಬ್ಬು ತೆಗೆಯುವ ಶಿಯಾ ಮರಗಳು. ಬ್ವಿಪೆಯಲ್ಲಿ ಕಪ್ಪು ವೋಲ್ಟಾ ನದಿಯನ್ನು ದಾಟುವ ಹೊತ್ತಿಗೆ ನೆಲದ ಬಣ್ಣವೇ ಬೇರೆ. ದೇಶದ ಸಂಪತ್ತು ಎಲ್ಲಿ ಬೆಳೆಯಿತು, ಅದನ್ನು ಬೆಳೆಯಲು ದುಡಿದ ಕೈಗಳು ಎಲ್ಲಿಂದ ಬಂದವು ಎಂಬುದು ಬಸ್ಸಿನ ಕಿಟಕಿಯಿಂದಲೇ ಅರ್ಥವಾಗುತ್ತದೆ.

ಈಗ ರೈಲು ಬೋಗಿಗಳ ವಿಷಯ. ರೆಡ್ ಕ್ಲೇಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅವೇ.

ಬ್ರಿಟಿಷರು ಗೋಲ್ಡ್ ಕೋಸ್ಟ್ ಎನ್ನುತ್ತಿದ್ದ ಈ ನಾಡಿನಲ್ಲಿ 1898ರಲ್ಲಿ ಸೆಕೊಂಡಿ ಬಂದರಿನಿಂದ ಹಳಿ ಹಾಕಲು ತೊಡಗಿದರು. 1901ಕ್ಕೆ ಚಿನ್ನದ ಗಣಿಗಳ ಟಾರ್ಕ್ವಾ, 1903ಕ್ಕೆ ಕುಮಾಸಿ. ಚಿನ್ನ, ಮ್ಯಾಂಗನೀಸ್, ಮರ, ಕೋಕೋ ಎಲ್ಲವನ್ನೂ ಬಂದರಿಗೆ ಎಳೆದು ತರುವುದೇ ಆ ಹಳಿಯ ಕೆಲಸ. ಉತ್ತರಕ್ಕೆ ಅದು ಬರಲೇ ಇಲ್ಲ. ಉತ್ತರದಿಂದ ಬ್ರಿಟಿಷರಿಗೆ ಬೇಕಾಗಿದ್ದುದು ಗಣಿಗಳಿಗೆ, ತೋಟಗಳಿಗೆ ಕೂಲಿಯಾಳುಗಳು; ಅವರು ನಡೆದುಕೊಂಡಾದರೂ ಬರುತ್ತಿದ್ದರು. ಸ್ವಾತಂತ್ರ್ಯ ಬಂದು ಅರವತ್ತಕ್ಕೂ ಹೆಚ್ಚು ವರ್ಷ ಕಳೆದರೂ ತಮಾಲೆಗೆ ರೈಲು ಮಾರ್ಗವಿಲ್ಲ. ಅಂಥ ಊರಿನ ಬಯಲಿನಲ್ಲಿ ಈಗ ರೈಲು ಬೋಗಿಗಳು ನಿಂತಿವೆ. ದಕ್ಷಿಣದಲ್ಲಿ ತುಕ್ಕು ಹಿಡಿಯುತ್ತಿದ್ದ ಬೋಗಿಗಳನ್ನು ರಸ್ತೆಯ ಮೇಲೆಯೇ ಹೊತ್ತು ತಂದದ್ದು. ಊರಿನ ಮಕ್ಕಳು ಅವುಗಳ ಮೆಟ್ಟಿಲು ಹತ್ತಿ ಇಳಿದು ಆಡುತ್ತಿದ್ದರು. ನಮ್ಮೂರಿನಲ್ಲಿ ರೈಲು ನೋಡುವುದು ದಿನನಿತ್ಯದ ಮಾತು. ಆ ಮಕ್ಕಳಿಗೆ ಅದು ಒಬ್ಬ ಕಲಾವಿದ ತಂದುಕೊಟ್ಟ ವಸ್ತು. ಆಳುವವರು ನೂರು ವರ್ಷ ಮಾಡದ ಕೆಲಸವನ್ನು ಇದು ಪೂರೈಸುವುದಿಲ್ಲ, ನಿಜ. ಆದರೆ ಆ ಕೆಲಸ ಆಗಿಲ್ಲ ಎಂಬುದನ್ನು ಕಣ್ಣಿಗೆ ರಾಚುವಂತೆ ಹೇಳುತ್ತದೆ.

ವಿಮಾನಗಳದ್ದೂ ಹೀಗೇ. ಹಾರಾಟ ನಿಲ್ಲಿಸಿದ ವಿಮಾನಗಳು ಇಲ್ಲಿ ತರಗತಿಗಳಾಗಿವೆ. ಸೀಟು ಕಿತ್ತು ಬೆಂಚು ಹಾಕಿ ಮಕ್ಕಳಿಗೆ ಪಾಠ, ಚಿತ್ರಕಲೆ, ಕಾರ್ಯಾಗಾರ ನಡೆಸುತ್ತಾರೆ.

‘ಪಾರ್ಲಿಮೆಂಟ್ ಆಫ್ ಘೋಸ್ಟ್ಸ್’ ಎಂಬ ಕೃತಿಯನ್ನು ಮಹಾಮಾ ಮೊದಲು ಮಾಡಿದ್ದು 2019ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ: ಘಾನಾ ರೈಲ್ವೆಯ ಹಳೆಯ ಆಸನಗಳನ್ನು ಸಂಸತ್ತಿನಂತೆ ಎದುರುಬದುರು ಜೋಡಿಸಿದ ಸಭೆ. ಅದರ ಇನ್ನೊಂದು ರೂಪ ಇಲ್ಲಿ ಇಟ್ಟಿಗೆಯಲ್ಲಿ ನೆಲೆಯಾಗಿ ನಿಂತಿದೆ. ಮೆಟ್ಟಿಲು ಮೆಟ್ಟಿಲಾದ ಆಸನಗಳ ಮೇಲೆ ಯಾರು ಬೇಕಾದರೂ ಕೂರಬಹುದು. ನಾನು ಕೂತೆ. ಪಕ್ಕದಲ್ಲಿ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ತಲೆಯೆತ್ತಿ ನೋಡಿ ಮತ್ತೆ ಪುಸ್ತಕಕ್ಕೆ ಮರಳಿದ. ಕಾವಲುಗಾರ ಬಂದು ಮುಟ್ಟಬೇಡಿ ಎನ್ನಲಿಲ್ಲ.

ಪ್ರವೇಶ ಉಚಿತವೆಂಬುದನ್ನು ದಾನವೆಂದು ಓದಿಕೊಂಡರೆ ಈ ಜಾಗ ಅರ್ಥವಾಗುವುದಿಲ್ಲ ಎಂಬುದೇ ನನ್ನ ಮುಖ್ಯ ಮಾತು. ಕುಮಾಸಿಯಲ್ಲಿ ಮಹಾಮಾ ಅವರ ಗುರುಗಳಾದ ಕಾರಿಕಾಚಾ ಸೈಡು, ಕಲೆ ಸರಕಿನ ಸ್ಥಾನ ಬಿಟ್ಟು ಉಡುಗೊರೆಯ ಸ್ಥಾನಕ್ಕೆ ಬರಬೇಕು ಎಂದು ಕಲಿಸಿದವರು. ಶಿಷ್ಯರು ಆ ಪಾಠವನ್ನು ಕಟ್ಟಡವಾಗಿಸಿದ್ದಾರೆ. ಚೀಲ ಊರಿನದು, ಹೊಲಿದ ಕೈ ಊರಿನದು, ಇಟ್ಟಿಗೆಯ ಮಣ್ಣು ಅದೇ ನೆಲದ್ದು. ಯುರೋಪಿನಲ್ಲಿ ದುಡಿದದ್ದನ್ನು ಅದರ ಮೂಲಕ್ಕೆ ಹಿಂದಿರುಗಿಸಿದ ಮೇಲೆ ಬಾಗಿಲಲ್ಲಿ ಮತ್ತೆ ಆ ಜನರಿಂದಲೇ ಹಣ ಕೇಳುವುದು ಸಾಧ್ಯವಿಲ್ಲ. ಟಿಕೆಟ್ ಇಲ್ಲದಿರುವುದು ಆ ಕೃತಿಯ ಭಾಗವೇ.

ಇದನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿರುವ ಜೈಟ್ಸ್ ಕಲಾ ಸಂಗ್ರಹಾಲಯದೊಡನೆ ಹೋಲಿಸದೆ ಇರಲಾರೆ. ಅದೂ ಒಂದು ಕಣಜವೇ. 1924ರಲ್ಲಿ ಬಂದರಿನ ಬಳಿ ಎದ್ದ ಧಾನ್ಯದ ಕಣಜದ ನಲವತ್ತೆರಡು ಕಾಂಕ್ರೀಟ್ ಕೊಳವೆಗಳನ್ನು ಕೊರೆದು, ಒಳಗೆ ಮೆಕ್ಕೆಜೋಳದ ಕಾಳಿನ ಆಕಾರದ ಮಹಾ ಅಂಗಳ ಬಿಡಿಸಿ, 2017ರ ಸೆಪ್ಟೆಂಬರಿನಲ್ಲಿ ತೆರೆದರು. ಅದ್ಭುತವಾದ ಕಟ್ಟಡ. ಕ್ಯಾಮರೂನ್ ಮೂಲದ ಕೊಯೊ ಕುವೊ ಅದರ ಮುಖ್ಯಸ್ಥೆಯಾಗಿದ್ದಾಗ ಕಪ್ಪು ಜನ ತಮ್ಮನ್ನು ತಾವು ಚಿತ್ರಿಸಿಕೊಂಡ ನೂರು ವರ್ಷಗಳ ಚಿತ್ರಗಳನ್ನು ಒಂದೆಡೆ ತಂದರು. 2025ರಲ್ಲಿ ಅವರು ತೀರಿಕೊಂಡದ್ದು ದೊಡ್ಡ ನಷ್ಟ. ಆಫ್ರಿಕಾದ ದೇಶಗಳ ನಾಗರಿಕರಿಗೆ ಬುಧವಾರ ಬೆಳಗಿನ ಹೊತ್ತು ಉಚಿತ ಪ್ರವೇಶದ ಪದ್ಧತಿಯನ್ನೂ ಅದು ಇಟ್ಟುಕೊಂಡು ಬಂದಿದೆ. ನಾನು ಟಿಕೆಟ್ ಕೊಂಡು ನೋಡಿದೆ, ಕೊಟ್ಟ ಹಣಕ್ಕೆ ಬೇಸರವಿಲ್ಲ. ಆದರೆ ಅದೇ ಕಟ್ಟಡದ ಮೇಲ್ಭಾಗದಲ್ಲಿ ಐಷಾರಾಮಿ ಹೋಟೆಲ್, ಸುತ್ತ ದುಬಾರಿ ಅಂಗಡಿಗಳು. ದೂರದ ಕಾಲೋನಿಯಿಂದ ಎರಡು ವಾಹನ ಬದಲಿಸಿ ಬರಬೇಕಾದವನಿಗೆ ಆ ಹೊಸ್ತಿಲು ಟಿಕೆಟ್ಟಿಗಿಂತ ಎತ್ತರ.

ತಮಾಲೆಯ ಕಣಜದ ಕಥೆ ಬೇರೆ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ, ನಮ್ಮ ಬೆಳೆ ನಮ್ಮಲ್ಲೇ ದಾಸ್ತಾನಾಗಲಿ, ಬೆಲೆಯನ್ನು ನಾವೇ ನಿರ್ಧರಿಸೋಣ ಎಂದು 1960ರ ದಶಕದಲ್ಲಿ ಪೂರ್ವ ಯುರೋಪಿನ ತಂತ್ರಜ್ಞರ ನೆರವಿನಿಂದ ದೇಶದಲ್ಲಿ ದೊಡ್ಡ ಕಣಜಗಳನ್ನು ಕಟ್ಟಿಸತೊಡಗಿದರು. 1966ರ ಫೆಬ್ರುವರಿಯಲ್ಲಿ ಅವರು ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಅಧಿಕಾರ ಕಸಿದುಕೊಂಡಿತು. ಕಣಜಗಳು ಅರ್ಧಕ್ಕೇ ನಿಂತವು. ಅವುಗಳಲ್ಲೊಂದನ್ನು ಮಹಾಮಾ ಕೊಂಡರು. ಈಗ ಅದರ ಹೆಸರು ‘ಎನ್‌ಕ್ರುಮಾ ವೋಲಿನಿ’. ಬಾವಲಿಗಳು ವಾಸವಾಗಿದ್ದವು, ಅವುಗಳನ್ನು ಓಡಿಸಲಿಲ್ಲ. ಕಚ್ಚಾ ಕಾಂಕ್ರೀಟನ್ನು ಹೊಳಪು ಮಾಡಲಿಲ್ಲ. ಕಾಳು ತುಂಬಬೇಕಾಗಿದ್ದ ಹೊಟ್ಟೆಯೊಳಗೆ ನಿಂತು ಮೇಲೆ ನೋಡಿದರೆ, ಒಂದು ದೇಶ ಕಂಡ ಕನಸಿನ ಅಳತೆ ಮೈಗೆ ತಾಕುತ್ತದೆ. ನಾನು ಕೇಪ್‌ಟೌನಿಗಿಂತ ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ, ಹಿಂಜರಿಯದೆ.

ನನಗೆ ಒಂದು ಆತಂಕವಂತೂ ಇದೆ. ಇಷ್ಟೆಲ್ಲವೂ ಒಬ್ಬ ಕಲಾವಿದನ ಸಂಪಾದನೆಯ ಮೇಲೆ ನಿಂತಿದೆ. ಲಂಡನ್ ನ್ಯೂಯಾರ್ಕುಗಳ ಮಾರುಕಟ್ಟೆಯ ಮನಸ್ಸು ಬದಲಾದರೆ ಈ ಬಯಲಿನ ಗತಿಯೇನು? ಅಲ್ಲಿ ನಮ್ಮನ್ನು ಸುತ್ತಾಡಿಸಿದ ತರುಣನನ್ನು ಕೇಳಿದೆ. “ಕಟ್ಟಡ ಉಳಿಯುತ್ತದೆ. ಇಲ್ಲಿ ಆಡಿ ಬೆಳೆದ ಮಕ್ಕಳು ಇರುತ್ತಾರೆ. ನೀವು ಹೇಳಿ, ನಿಮ್ಮ ಊರಿನಲ್ಲಿ ಈ ಚೀಲಗಳನ್ನು ಯಾರು ಹೊರುತ್ತಾರೆ?” ಎಂದ. ಹಮಾಲರ ಬಗ್ಗೆ, ತಂದೆಯ ಅಂಗಡಿಯ ಬಗ್ಗೆ ಹೇಳಿದೆ. ಅವನ ಚಿಕ್ಕಮ್ಮ ಅಕ್ರಾದಲ್ಲಿ ಹೊರೆ ಹೊತ್ತವರಂತೆ. ಅಲ್ಲಿಂದ ಮುಂದೆ ನಮ್ಮ ಮಾತು ಕಲೆಯದ್ದಾಗಿ ಉಳಿಯಲಿಲ್ಲ, ಕೂಲಿಯದ್ದಾಯಿತು. ಆ ಗೋಣಿತಾಟುಗಳ ಕೆಳಗೆ ಆಡಬೇಕಾದ ಮಾತು ಅದೇ ಎಂದು ನನಗೆ ಅನ್ನಿಸಿತು. ಆದರೂ ನನ್ನ ಆತಂಕ ಹೋಗಿಲ್ಲ. ಘಾನಾದ ಸರ್ಕಾರ ಈ ಜಾಗದ ಬೆನ್ನಿಗೆ ನಿಲ್ಲಬೇಕು.

ಹೋಗುವವರಿಗೆ ಕೆಲವು ಮಾತು. ವಿಮಾನದ ಖರ್ಚೇ ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಬೆಂಗಳೂರಿನಿಂದ ಅದ್ದಿಸ್ ಅಬಾಬಾ ಮೂಲಕ ಅಕ್ರಾ ತಲುಪಬಹುದು. ನಮಗೆ ವೀಸಾ ಬೇಕು, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕೇ ಬೇಕು, ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಇಷ್ಟು ದೂರದ ಪ್ರಯಾಣ ಆಗದವರಿಗೂ ದಾರಿ ಇಲ್ಲವೆಂದಲ್ಲ. 2025ರ ಡಿಸೆಂಬರಿನಲ್ಲಿ ಆರಂಭವಾದ ಕೊಚ್ಚಿ ಬಿನಾಲೆಯ ಕಲಾವಿದರ ಪಟ್ಟಿಯಲ್ಲಿ ಮಹಾಮಾ ಇದ್ದರು, ಇಂಥ ಅವಕಾಶ ಮತ್ತೆ ಬಂದರೆ ಬಿಡಬೇಡಿ.

ತಮಾಲೆ ತಲುಪಿದ ಮೇಲೆ ಖರ್ಚು ಕಡಿಮೆ. ಊರೊಳಗೆ ಓಡಾಡಲು ನಮ್ಮದೇ ಬಜಾಜ್, ಟಿವಿಎಸ್ ಆಟೋಗಳು ಸಿಗುತ್ತವೆ. ಊಟಕ್ಕೆ ತುವೊ ಜಾಫಿ ಕೇಳಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಎಂದುಕೊಳ್ಳಿ, ಕೈಯಿಂದ ಮುರಿದು ಅಯೊಯೊ ಎಂಬ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವುದು. ಆ ಸೊಪ್ಪು ಸೆಣಬಿನ ಗಿಡದ್ದೇ. ಮಾಂಸ, ಮೀನು ತಿನ್ನದವರು ಮೊದಲೇ ಹೇಳಬೇಕು, ಸಾರಿಗೆ ಒಣಮೀನು ಬೀಳುವುದು ಸಾಮಾನ್ಯ. ಅಂಥವರಿಗೆ ಅನ್ನ ಮತ್ತು ಅಲಸಂದೆ ಒಟ್ಟಿಗೆ ಬೇಯಿಸಿದ ವಾಚೆ ಒಳ್ಳೆಯದು. ಮಾರ್ಚ್ ಏಪ್ರಿಲಿನ ಬಿಸಿಲು ಕಠಿಣ. ಡಿಸೆಂಬರ್ ಜನವರಿಯಲ್ಲಿ ಸಹಾರಾದ ಕಡೆಯಿಂದ ಹಾರ್ಮಾಟನ್ ಗಾಳಿ ಧೂಳು ಹೊತ್ತು ತರುತ್ತದೆ, ಆದರೆ ರಾತ್ರಿಗಳು ತಂಪು.

ಟಿಕೆಟ್ಟಿಗೆ ಕೊಡಬೇಕಾಗಿದ್ದ ಹಣವನ್ನು ಊರಿನಲ್ಲೇ ಬಿಟ್ಟು ಬನ್ನಿ. ಸುತ್ತಾಡಿಸಿದವರಿಗೆ ಕೈತುಂಬ ಕೊಡಿ. ತಮಾಲೆ ಕೈಮಗ್ಗದ ಊರು. ಪಟ್ಟೆ ಪಟ್ಟೆಯಾಗಿ ನೇಯ್ದು ಹೊಲಿದ ಫುಗು ಅಂಗಿಯನ್ನು ನೇಕಾರರಿಂದಲೇ ಕೊಳ್ಳಿ, ಬೆಲೆ ಇಳಿಸಲು ಜಗ್ಗಾಡಬೇಡಿ. 2024ರಲ್ಲಿ ಲಂಡನ್ನಿನ ಬಾರ್ಬಿಕನ್ ಕಟ್ಟಡಕ್ಕೆ ಮಹಾಮಾ ಹೊದಿಸಿದ ಸುಮಾರು ಎರಡು ಸಾವಿರ ಚದರ ಮೀಟರ್ ನೇರಳೆ ಬಟ್ಟೆ ತಯಾರಾದದ್ದು ಇದೇ ತಮಾಲೆಯ ಕೈಗಳಲ್ಲಿ. ಮಕ್ಕಳ ಫೋಟೋ ತೆಗೆಯುವ ಮುನ್ನ ದೊಡ್ಡವರನ್ನು ಕೇಳಿ. ಸವಾನಾ ಕೇಂದ್ರ, ರೆಡ್ ಕ್ಲೇ, ಕಣಜ ಈ ಮೂರೂ ಜಾಗಗಳನ್ನು ಒಂದೇ ದಿನಕ್ಕೆ ತುರುಕಬೇಡಿ. ರೆಡ್ ಕ್ಲೇಗೇ ಒಂದು ಪೂರ್ತಿ ದಿನ ಬೇಕು, ಕಣಜಕ್ಕೆ ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ. ವೀಸಾ, ಬಸ್ಸು, ವಸತಿಯ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ನನಗೆ ಬರೆಯಿರಿ, ಗೊತ್ತಿರುವಷ್ಟನ್ನು ಹೇಳುತ್ತೇನೆ.