ತನ್ನನ್ನೇ ತಾನು ಹಡೆಯುವ ಯಂತ್ರ: ಈ ಸಂಶೋಧನೆ ಮುಂದುವರಿಯಬೇಕೇ?

ಪರ: ನೆಲವಿಲ್ಲದೆ ರಕ್ತಬೀಜನಿಲ್ಲ

ತನ್ನ ಪ್ರತಿಯನ್ನು ತಾನೇ ಕಟ್ಟುವ ಯಂತ್ರ ಎಂದೊಡನೆ ನಮಗೆ ರಕ್ತಬೀಜಾಸುರ ನೆನಪಾಗುತ್ತಾನೆ. ಆದರೆ ಕಥೆಯ ಅರ್ಧವನ್ನು ಮರೆಯುತ್ತೇವೆ. ಹನಿ ನೆಲಕ್ಕೆ ಬಿದ್ದರೆ ಮಾತ್ರ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಕಾಳಿ ನಾಲಿಗೆ ಚಾಚಿದಳು, ಅಲ್ಲಿಗೆ ಅವನ ವಂಶ ಮುಗಿಯಿತು.

ಪ್ರಯೋಗಾಲಯದ ಯಂತ್ರಕ್ಕೂ ಇಂಥ ನೆಲ ಬೇಕು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಆರಂಭಿಸಿದ ರೆಪ್‌ರ್‍ಯಾಪ್ ಯೋಜನೆಯ ತ್ರೀಡಿ ಮುದ್ರಕ, 2008ರಲ್ಲಿ ತನ್ನ ಪ್ಲಾಸ್ಟಿಕ್ ಭಾಗಗಳನ್ನು ತಾನೇ ತಯಾರಿಸಿತು. ಮೋಟಾರು, ಸರ್ಕ್ಯೂಟು, ಉಕ್ಕಿನ ಸರಳುಗಳನ್ನು ಮನುಷ್ಯರೇ ಕೊಂಡು ತಂದು ಜೋಡಿಸಬೇಕಿತ್ತು. ತಾಯಿಗಿಂತ ಸೂಲಗಿತ್ತಿಯ ದುಡಿಮೆಯೇ ಹೆಚ್ಚು! ಆದರೂ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ಮನೆಯ ಮೇಜಿನ ಮೇಲಿಡಬಹುದಾದ ಅಗ್ಗದ ಮುದ್ರಕಗಳ ಪೀಳಿಗೆಯೇ ಹುಟ್ಟಿತು.

2021ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದ ಝೆನೋಬಾಟ್‌ಗಳದ್ದೂ ಇದೇ ಕಥೆ. ಕಪ್ಪೆಯ ಜೀವಕೋಶಗಳಿಂದ ಮಾಡಿದ ಈ ಸಣ್ಣ ಉಂಡೆಗಳು ತಟ್ಟೆಯಲ್ಲಿದ್ದ ಬಿಡಿ ಕೋಶಗಳನ್ನು ಗುಡ್ಡೆ ಹಾಕಿ ತಮ್ಮಂಥವನ್ನೇ ಮಾಡಿದವು. ಬಿಡಿ ಕೋಶ ಸಿಗದಿದ್ದರೆ ಸಂತಾನವೂ ಇಲ್ಲ.

ಚಂದ್ರನ ಮೇಲೆ ಸುಮಾರು 100 ಟನ್ ಯಂತ್ರಗಳ ‘ಬೀಜ’ವೊಂದನ್ನಿಳಿಸಿ, ಅಲ್ಲಿನ ಮಣ್ಣಿನಿಂದಲೇ ಕಾರ್ಖಾನೆ ಬೆಳೆಸುವ ಯೋಚನೆಯನ್ನು ನಾಸಾದ ಅಧ್ಯಯನ 1980ರಲ್ಲೇ ಮುಂದಿಟ್ಟಿತ್ತು. ರಾಕೆಟ್ಟಿನಲ್ಲಿ ಸಾಮಾನು ಹೊರುವ ಖರ್ಚನ್ನು ಬಲ್ಲವರು ಇದನ್ನು ಹುಚ್ಚು ಎನ್ನಲಾರರು.

ವಿರೋಧ: ನೆಲ ಆಗಲೇ ಹಾಸಿದೆ

ತಟ್ಟೆಯೊಳಗಿನ ಝೆನೋಬಾಟ್ ಬಗ್ಗೆ ನನಗೂ ತಕರಾರಿಲ್ಲ. ತನಗೆ ಬೇಕಾದ ಆಹಾರವೆಲ್ಲ ಹೊರಗೆ ಚೆಲ್ಲಿಕೊಂಡಿರುವ ಪ್ರತಿರೂಪಿಯ, ಅಂದರೆ ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವುದರ, ಬಗ್ಗೆ ಇದೆ.

1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿಯೊಬ್ಬ ಅಂತರಜಾಲಕ್ಕೆ ಒಂದು ಪ್ರೋಗ್ರಾಂ ಬಿಟ್ಟ. ಕಡತ ಅಳಿಸುವುದು ಅದರ ಕೆಲಸವಾಗಿರಲಿಲ್ಲ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡುವುದಷ್ಟೇ. ‘ನನ್ನ ಪ್ರತಿ ಇಲ್ಲಿ ಆಗಲೇ ಇದೆಯೇ’ ಎಂದು ಅದು ಕೇಳುತ್ತಿತ್ತು. ಇದೆ ಎಂಬ ಉತ್ತರ ಬಂದರೂ ಏಳರಲ್ಲಿ ಒಂದು ಸಲ ಒಳಗೆ ನೆಲೆಯೂರುತ್ತಿತ್ತು. ಯಾರಾದರೂ ಸುಳ್ಳು ಉತ್ತರ ಕೊಟ್ಟು ತಡೆದಾರು ಎಂಬ ಮುನ್ನೆಚ್ಚರಿಕೆ ಅದು. ಆ ಒಂದು ಅಂಕಿಯ ತಪ್ಪು ಲೆಕ್ಕಕ್ಕೆ ಸಾವಿರಾರು ಕಂಪ್ಯೂಟರುಗಳು ಪ್ರತಿಗಳ ಭಾರಕ್ಕೇ ಕುಸಿದವು. ಪ್ರತಿರೂಪಿಯಲ್ಲದ ಯಂತ್ರದಲ್ಲಿ ಇಂಥ ತಪ್ಪು ಒಂದೇ ಕಡೆ ಉಳಿಯುತ್ತಿತ್ತು.

ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಬಹುದು, ಮಣ್ಣನ್ನಾಗಲಿ ಮನುಷ್ಯನ ಕರುಳನ್ನಾಗಲಿ ಹಾಗೆ ಮಾಡಲಾಗದು. ಕನ್ನಡಿಯ ಬಿಂಬದಂತೆ ತಿರುವುಮುರುವಾದ ಅಣುಗಳಿಂದ ಬ್ಯಾಕ್ಟೀರಿಯಾ ಕಟ್ಟುವ ಕನಸು ಕೆಲವು ಪ್ರಯೋಗಾಲಯಗಳಲ್ಲಿತ್ತು. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಅದರ ಗುರುತೇ ಸಿಗದೆ ಹೋಗಬಹುದು, ಅದನ್ನು ತಿನ್ನುವ ಜೀವಿಗಳೂ ಇಲ್ಲದಿರಬಹುದು. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು, ಅಪಾಯವಿಲ್ಲ ಎಂದು ಸಾಬೀತಾಗುವವರೆಗೆ ಇಂಥ ಜೀವಿಯನ್ನು ಸೃಷ್ಟಿಸಬಾರದು ಎಂದು ಬರೆದರು. ಸಹಿ ಹಾಕಿದವರಲ್ಲಿ ಆ ಕನಸು ಕಂಡವರೂ ಇದ್ದರು.