ಮನೆಯಲ್ಲಿ ಎಮ್ಮೆ ಇದೆಯೇ?

ಬೆಳಿಗ್ಗೆ ಏಳೂಕಾಲಿಗೆ ಜಿಮ್ಮಿನಿಂದ ಬಂದವನು ಇನ್ನೂ ಸ್ನಾನ ಮಾಡಿಲ್ಲ. ಕಾಫಿ ಆರಿ ತಣ್ಣಗಾಗಿದೆ. ಹೆಂಡತಿ ಎರಡು ಸಲ ಇಣುಕಿ ನೋಡಿ, "ಮೊದಲು ಫೇಸ್‌ಬುಕ್ಕಿನಲ್ಲಿ ಕಾರಿಕೊಳ್ಳಿ, ಆಮೇಲೆ ತಿಂಡಿಗೆ ಬನ್ನಿ" ಎಂದು ಹೇಳಿ ಹೋಗಿದ್ದಾಳೆ. ಅವಳ ಅಪ್ಪಣೆಯಂತೆ ಬರೆಯುತ್ತಿದ್ದೇನೆ.

ನನ್ನ ಸೊಂಟದ ಕಥೆ, ಅದಾದ ಮೇಲೆ ಡಾಕ್ಟರು ಬೈದು ನನ್ನನ್ನು ಕಬ್ಬಿಣ ಎತ್ತಲು ಕಳಿಸಿದ ಕಥೆ ನಿಮಗೆಲ್ಲ ಗೊತ್ತು. ಒಂದೂವರೆ ವರ್ಷದಿಂದ ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಅತಿ ಹಿರಿಯ ಸದಸ್ಯ ನಾನೇ. ಹುಡುಗರು ಅಂಕಲ್ ಎನ್ನುತ್ತಾರೆ. ಸಹಿಸಿಕೊಂಡಿದ್ದೇನೆ.

ಇವತ್ತು ಆದದ್ದು ಇಷ್ಟು. ಖಾಕಿ ಅಂಗಿಯ ಆಟೋ ಚಾಲಕರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಹದಿನೇಳಿರಬಹುದು, ಪಿಯುಸಿ ಓದುತ್ತಾನಂತೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದರು: 51 ಕಿಲೋ. ತರಬೇತುದಾರ ಅವನ ತೋಳನ್ನು ಬದನೆಕಾಯಿ ಹಿಚುಕಿ ನೋಡುವ ಹಾಗೆ ನೋಡಿ, ಗೋಡೆಯ ಕಪಾಟಿನಿಂದ ಕಪ್ಪು ಡಬ್ಬಿಯೊಂದನ್ನು ಇಳಿಸಿ ಮೇಜಿನ ಮೇಲಿಟ್ಟ. "ವೇ ಪ್ರೋಟೀನ್, ಹಾಲಿನಿಂದ ತೆಗೆದ ಪುಡಿ. ಒಂದು ಕಿಲೋ, 3,400." ತಂದೆಯ ಮುಖ ಸಣ್ಣದಾಯಿತು. ತಕ್ಷಣ ಆ ಡಬ್ಬಿ ಮೇಲೆ ಹೋಯಿತು, ಅದರ ಎರಡರಷ್ಟು ಗಾತ್ರದ ಇನ್ನೊಂದು ಕೆಳಗೆ ಬಂತು. "ಹಾಗಾದರೆ ಮಾಸ್ ಗೇನರ್ ತೆಗೆದುಕೊಳ್ಳಿ, ತೂಕ ಏರಿಸುವ ಪುಡಿ. ಮೂರು ಕಿಲೋ, 2,200. ಇವನ ಮೈಗೆ ಇದೇ ಸರಿ." ದೊಡ್ಡ ಡಬ್ಬಿ, ಕಡಿಮೆ ದುಡ್ಡು. ತಂದೆ ಅಂಗಿಯ ಒಳಜೇಬಿನಿಂದ ನೂರರ, ಇನ್ನೂರರ ನೋಟುಗಳನ್ನು ತೆಗೆದು ಎರಡೆರಡು ಸಲ ಎಣಿಸಿ ಕೊಟ್ಟರು. "ಮೂರು ತಿಂಗಳಲ್ಲಿ ಮೈ ತುಂಬಿಕೊಳ್ಳುತ್ತಾನೆ ತಾನೇ?" ಎಂದು ಕೇಳಿದರು. "ಗ್ಯಾರಂಟಿ" ಎಂದ ಅವನು.

ಇಷ್ಟೆಲ್ಲ ನಡೆಯುವಾಗ ಆ ಹುಡುಗನನ್ನು ಯಾರೂ ಒಂದು ಮಾತು ಕೇಳಲಿಲ್ಲ: ನೀನು ಮನೆಯಲ್ಲಿ ಏನು ತಿನ್ನುತ್ತೀಯ?

ನನ್ನ ಹೊಟ್ಟೆಯುರಿ ಅದೊಂದೇ. ಮಿಕ್ಕದ್ದೆಲ್ಲ ಅದರ ಸುತ್ತ.

ಅವರು ಹೋದ ಮೇಲೆ ಅದೇ ಮಾಸ್ ಗೇನರಿನ ಇನ್ನೊಂದು ಡಬ್ಬಿಯನ್ನು ತಿರುಗಿಸಿ, ಕನ್ನಡಕ ಹಾಕಿಕೊಂಡು ಓದಿದೆ. ನೂರು ಗ್ರಾಂ ಪುಡಿಯಲ್ಲಿ ಪ್ರೋಟೀನ್ 15 ಗ್ರಾಂ, ಕಾರ್ಬೋಹೈಡ್ರೇಟ್ 78 ಗ್ರಾಂ. ಪಟ್ಟಿಯ ಮೊದಲ ಪದಾರ್ಥ ಮಾಲ್ಟೋಡೆಕ್ಸ್‌ಟ್ರಿನ್. ಹೆಸರು ಕೇಳಿದರೆ ಔಷಧಿ ಇರಬೇಕು ಅನ್ನಿಸುತ್ತದೆ. ಮೆಕ್ಕೆಜೋಳದ್ದೋ ಇನ್ನಾವುದರದ್ದೋ ಪಿಷ್ಟವನ್ನು ಸಣ್ಣದಾಗಿ ಒಡೆದು ಒಣಗಿಸಿದ ಪುಡಿ ಅದು, ರಕ್ತದಲ್ಲಿ ಸಕ್ಕರೆಯ ಹಾಗೆಯೇ ಸರಕ್ಕನೆ ಏರುತ್ತದೆ. ನಮ್ಮ ಹುರುಳಿಕಾಳಿನಲ್ಲಿ ನೂರು ಗ್ರಾಮಿಗೆ 22 ಗ್ರಾಂ ಪ್ರೋಟೀನ್ ಇದೆ. ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನೋಣವೆಂದರೆ ಗಾದೆಯೂ ಇಲ್ಲಿ ಹೊಂದುವುದಿಲ್ಲ. ಮಲ್ಲಿಗೆಯ ಬೆಲೆಗೆ ಮಾರಿದ್ದೂ ಹಿಟ್ಟೇ!

ಅಪ್ಪ ದಾವಣಗೆರೆಯ ಗರಡಿಯಲ್ಲಿ ಮಣ್ಣು ಹಿಡಿದವರು ಎಂದು ಇಲ್ಲಿ ಹತ್ತು ಸಲ ಕೊಚ್ಚಿಕೊಂಡಿದ್ದೇನೆ. ಇದು ಹನ್ನೊಂದನೆಯದು. ಹೊಸ ಹುಡುಗ ಗರಡಿಗೆ ಬಂದರೆ ಅವರ ವಸ್ತಾದರು ಹೆಸರು ಕೇಳುವ ಮೊದಲು "ಮನೆಯಲ್ಲಿ ಎಮ್ಮೆ ಇದೆಯೇ?" ಎಂದು ಕೇಳುತ್ತಿದ್ದರಂತೆ. ಇದೆ ಎಂದರೆ, ಎಷ್ಟು ಹಾಲು ಕೊಡುತ್ತದೆ, ಅದರಲ್ಲಿ ಡೇರಿಗೆ ಎಷ್ಟು, ತಮ್ಮ ತಂಗಿಯರಿಗೆ ಎಷ್ಟು, ನಿನ್ನ ಲೋಟಕ್ಕೆ ಎಷ್ಟು. ಮನೆಯ ಲೆಕ್ಕವೆಲ್ಲ ಮುಗಿದ ಮೇಲೆ ಬಸ್ಕಿ ಎಷ್ಟು, ದಂಡ ಎಷ್ಟು, ಕುಸ್ತಿಯ ಅಖಾಡಕ್ಕೆ ಇಳಿಯುವುದು ಯಾವಾಗ ಎಂಬ ಮಾತು. ಆ ಮನುಷ್ಯನಿಗೆ ಪ್ರೋಟೀನ್ ಎಂಬ ಪದವೇ ಗೊತ್ತಿರಲಿಲ್ಲ. ಆದರೆ ಎಮ್ಮೆಯ ಹಾಲಿನಲ್ಲಿ ಲೀಟರಿಗೆ 37ರಿಂದ 40 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿಯುವ ಹುಡುಗನಿಗೆ ಹಾಲೊಂದರಿಂದಲೇ 75 ಗ್ರಾಂ ಆಯಿತು. ಜೊತೆಗೆ ನೆನೆಸಿದ ಬಾದಾಮಿ, ಕಾಳು, ವಾರಕ್ಕೊಮ್ಮೆ ಕುರಿಮಾಂಸ. ಇವತ್ತಿನ ಯಾವ ಪ್ರಯೋಗಾಲಯಕ್ಕೆ ಹೋಗಿ ಕೇಳಿದರೂ ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಇನ್ನು ಆ 3,400ರ ಡಬ್ಬಿ. ಅದು ವಿಷವಲ್ಲ, ಮಂತ್ರದಂಡವೂ ಅಲ್ಲ. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಶೇಕಡಾ ಕೇಸೀನ್, ಉಳಿದ 20 ಶೇಕಡಾ ವೇ. ಹಾಲು ಒಡೆದು ಪನೀರ್ ಮಾಡಿದಾಗ ಕೆಳಗೆ ನಿಲ್ಲುವ ಹಸಿರುಹಳದಿ ನೀರಿದೆಯಲ್ಲ, ನನ್ನ ಹೆಂಡತಿ ಚಪಾತಿ ಹಿಟ್ಟು ಕಲಸಲು ಬಳಸುತ್ತಾಳೆ, ಅದರಲ್ಲಿರುವುದು ಈ ವೇ. ಚೀಸ್ ಕಾರ್ಖಾನೆಗಳು ಒಂದು ಕಾಲದಲ್ಲಿ ಆ ನೀರನ್ನು ಚೆಲ್ಲುತ್ತಿದ್ದವು, ಇಲ್ಲವೇ ಹಂದಿಗಳಿಗೆ ಕುಡಿಸುತ್ತಿದ್ದವು. ಈಗ ಸೋಸಿ, ಒಣಗಿಸಿ, ಚಾಕೊಲೇಟ್ ವಾಸನೆ ಸೇರಿಸಿ ನಮಗೆ ಕುಡಿಸುತ್ತಿದ್ದಾರೆ. ಒಳ್ಳೆಯ ಪ್ರೋಟೀನ್ ಹೌದು, ಸುಲಭವಾಗಿ ಜೀರ್ಣವಾಗುತ್ತದೆ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಧಾರಾಳ. ಅದನ್ನು ಅಲ್ಲಗಳೆಯುವ ದಡ್ಡ ನಾನಲ್ಲ. ನಮ್ಮ ನಂದಿನಿಯವರೇ 2024ರ ಡಿಸೆಂಬರಿನಲ್ಲಿ ಇಡ್ಲಿ ದೋಸೆ ಹಿಟ್ಟಿಗೆ ವೇ ಬೆರೆಸಿ ಮಾರುಕಟ್ಟೆಗೆ ಬಿಟ್ಟರಲ್ಲ!

ಆದರೆ ಎಷ್ಟು ಲಾಭ? 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. 49 ಪ್ರಯೋಗಗಳು, 1,863 ಜನ. ತೂಕ ಎತ್ತುವ ವ್ಯಾಯಾಮದ ಜೊತೆಗೆ ಹೆಚ್ಚುವರಿ ಪ್ರೋಟೀನ್ ತೆಗೆದುಕೊಂಡವರಿಗೆ, ತೆಗೆದುಕೊಳ್ಳದವರಿಗಿಂತ ಹೆಚ್ಚಾಗಿ ಸೇರಿದ ಕೊಬ್ಬಿಲ್ಲದ ತೂಕ ಸರಾಸರಿ 300 ಗ್ರಾಂ. ಒಂದು ಪಾವು ಬೆಣ್ಣೆಗಿಂತ ಸ್ವಲ್ಪ ಹೆಚ್ಚು! ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಎಷ್ಟು ಸುರಿದರೂ ಸ್ನಾಯುವಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅಂದರೆ ಆಟೋದವರ ಮಗನಿಗೆ, ಅವನು ನಿಜವಾಗಿಯೂ ಬೆವರು ಸುರಿಸಿದರೆ, ದಿನಕ್ಕೆ 82 ಗ್ರಾಂ ಸಾಕು. ಅದರಲ್ಲಿ ಈಗಾಗಲೇ ಎಷ್ಟು ಸಿಗುತ್ತಿದೆ, ಎಷ್ಟು ಕೊರತೆ ಇದೆ? ಅದು ಗೊತ್ತಾಗಬೇಕಾದರೆ ಅವನು ಏನು ತಿನ್ನುತ್ತಾನೆ ಎಂದು ಕೇಳಬೇಕು. ಕೇಳಿದರಾ?

ನನ್ನ ಗುಟ್ಟನ್ನೂ ಹೇಳಿಬಿಡುತ್ತೇನೆ. ನಾನೂ ತಂದಿದ್ದೆ. ಮೂರು ಡಬ್ಬಿ ವೇ. ಮೊದಲನೆಯದನ್ನು ಹೆಂಡತಿಗೆ ಹೆದರಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ಕಚೇರಿಯ ಕ್ಯಾಂಟೀನಿನ ಹಿಂದೆ ನಿಂತು ಕದ್ದು ಸಿಗರೇಟು ಸೇದುವವನ ಹಾಗೆ ಕುಡಿಯುತ್ತಿದ್ದೆ. ಮೈಗೆ ಹಿಡಿಸಿತು, ನಿಜ. ಎರಡನೆಯದರ ಹೊತ್ತಿಗೆ ಅನುಮಾನ ಬಂದು ನಾಲ್ಕು ದಿನ ತಿಂದದ್ದನ್ನೆಲ್ಲ ತೂಗಿ ಬರೆದೆ. ಬೆಳಿಗ್ಗೆ ಮೂರು ಇಡ್ಲಿ, ಕಾಯಿಚಟ್ನಿ: ಏಳೆಂಟು ಗ್ರಾಂ. ಮಧ್ಯಾಹ್ನ ಅನ್ನದ ಗುಡ್ಡ, ಅದರ ಬುಡದಲ್ಲಿ ತಿಳಿಸಾರಿನ ಹೊಳೆ. ನಮ್ಮ ತಿಳಿಸಾರಿನಲ್ಲಿ ಬೇಳೆ ಎಲ್ಲಿದೆ ಎಂದು ಹುಡುಕಲು ಮುಳುಗು ತಜ್ಞರನ್ನು ಕರೆಸಬೇಕು. ಭಾನುವಾರ ಬಿಟ್ಟರೆ ದಿನಕ್ಕೆ 48 ಗ್ರಾಂ ದಾಟುತ್ತಿರಲಿಲ್ಲ. ನನ್ನ ತೂಕ 74. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವ್ಯಾಯಾಮವನ್ನೇ ಮಾಡದ ಸಾಮಾನ್ಯ ಮನುಷ್ಯನಿಗೆ ಹೇಳುವ ಕಿಲೋಗೆ 0.83 ಗ್ರಾಂ ಲೆಕ್ಕದಲ್ಲೂ ನಾನು ಬಾಕಿದಾರ. ಹಸಿದವನಿಗೆ ಯಾವ ಅನ್ನವೂ ರುಚಿ. ಡಬ್ಬಿ ಕೆಲಸ ಮಾಡಿದ್ದು ನನ್ನ ತಟ್ಟೆ ಬರಿದಾಗಿತ್ತು ಎಂಬ ಕಾರಣಕ್ಕೆ. ಅದನ್ನೂ ನನಗೆ ಯಾರೂ ಹೇಳಲಿಲ್ಲ. ಇದೇ ತರಬೇತುದಾರ ಎರಡನೆಯ ಡಬ್ಬಿ ಕೊಡುವಾಗ ಕೇಳಿದ್ದು, "ಅಂಕಲ್, ಈ ಸಲ ಕುಕೀಸ್ ಅಂಡ್ ಕ್ರೀಮ್ ಕೊಡಲೇ?"

ಆಮೇಲೆ ಲೆಕ್ಕ ಹಾಕಿದೆ, ಬ್ಯಾಂಕಿನವನ ಬುದ್ಧಿ. ಒಂದು ಕಿಲೋ ಡಬ್ಬಿಯಲ್ಲಿ ಮೂವತ್ತು ಚಮಚ, ಚಮಚಕ್ಕೆ 24 ಗ್ರಾಂ ಪ್ರೋಟೀನ್, 113 ರೂಪಾಯಿ. ಅಷ್ಟೇ ಪ್ರೋಟೀನಿಗೆ ನಾಲ್ಕು ಮೊಟ್ಟೆ, ನಮ್ಮ ಬೀದಿಯ ಅಂಗಡಿಯಲ್ಲಿ 28 ರೂಪಾಯಿ. ಐವತ್ತು ಗ್ರಾಂ ಸೋಯಾ ಚಂಕ್ಸ್ ಆದರೆ ಹತ್ತು ರೂಪಾಯಿಯೊಳಗೆ, ಆದರೆ ಅದನ್ನು ಬಾಯಿಗೆ ಒಪ್ಪುವಂತೆ ಮಾಡಲು ಮಸಾಲೆಯ ಖರ್ಚು ಬೇರೆ. ಕಡಲೆಕಾಯಿಯೂ ಅಗ್ಗ. ಅದರ ಜೊತೆ ಎಣ್ಣೆಯೂ ಬರುತ್ತದೆ, ನನ್ನ ಹೊಟ್ಟೆಗೆ ಬೇಡ, 51 ಕಿಲೋದ ಹುಡುಗನಿಗೆ ಬೇಕೇಬೇಕು. ಮೊಟ್ಟೆ ಎಂದಾಗ ನೆನಪಾಯಿತು, 2021ರಲ್ಲಿ ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬಾರದು ಎಂದು ಎಷ್ಟು ಗದ್ದಲ ಎಬ್ಬಿಸಿದರು. ಆರು ಗ್ರಾಂ ಪ್ರೋಟೀನಿಗೆ ಹೋರಾಟ, ಹೇಳಿಕೆ, ಎಚ್ಚರಿಕೆ. ಮೂರು ಕಿಲೋ ಮಾಲ್ಟೋಡೆಕ್ಸ್‌ಟ್ರಿನ್‌ಗೆ ಯಾರ ಧರ್ಮವೂ ಕೆಡಲಿಲ್ಲ.

ಈಗ ಪ್ರತಿಕ್ರಿಯೆಗೆ ಬೆರಳು ಮಸೆಯುತ್ತಿರುವ ಸಸ್ಯಾಹಾರಿ ಗೆಳೆಯರಿಗೆ. "ನೀವು ಬಾಡು ತಿನ್ನುವವರು, ನಿಮಗೆ ಸುಲಭ. 70 ಕಿಲೋ ತೂಕದ ನಾವು 112 ಗ್ರಾಂ ಎಲ್ಲಿಂದ ತರೋಣ?" ಒಪ್ಪಿದೆ. ಬೇಳೆ ಮೊಸರಿನಲ್ಲೇ ಅಷ್ಟನ್ನು ಮುಟ್ಟುವುದು ಕಷ್ಟ, ಮುಟ್ಟಿದರೂ ಮನೆಯವರು ಜೊತೆಗೆ ಕೂರುವುದು ಕಷ್ಟ. ಒಂದು ಚಮಚ ಪುಡಿ ಕಲಸಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಸ್ವಾಮಿ, ವಾರಕ್ಕೆ ಎರಡು ದಿನ ಬಂದು, ಯಂತ್ರದ ಮೇಲೆ ಕುಳಿತು ಮೊಬೈಲ್ ನೋಡಿ ಎದ್ದು ಹೋಗುವ ನಿಮಗೆ 112 ಗ್ರಾಂ ಏಕೆ ಬೇಕು? ಹೆಬ್ಬೆರಳಿಗೇ?

ಕಿಡ್ನಿ ಹೋಗುತ್ತದೆ ಎಂದು ಹೆದರಿಸುವ ಚಿಕ್ಕಮ್ಮಂದಿರ ಪಕ್ಷವೂ ನಾನಲ್ಲ. ಕಿಡ್ನಿಯ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಅದು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳಿದೆ. ಅಷ್ಟು ಕಡ್ಡಿ ಮುರಿದ ಮಾತು ನನಗೆ ರುಚಿಸಲಿಲ್ಲ. ಆದರೆ ಅದೇ ವರ್ಷ ಕೇರಳದ ವೈದ್ಯರು ನಮ್ಮ ಮಾರುಕಟ್ಟೆಯ 36 ಡಬ್ಬಿಗಳನ್ನು ಪರೀಕ್ಷಿಸಿ ಪ್ರಕಟಿಸಿದ್ದನ್ನು ಓದಿದ ಮೇಲೆ ಕಡ್ಡಿ ಮುರಿದವರ ಮೇಲೆ ಸ್ವಲ್ಪ ಕನಿಕರ ಹುಟ್ಟಿತು. ಸುಮಾರು 70 ಶೇಕಡಾ ಡಬ್ಬಿಗಳಲ್ಲಿ ಪ್ರೋಟೀನಿನ ಪ್ರಮಾಣ ಚೀಟಿಯಲ್ಲಿ ಬರೆದ ಹಾಗೆ ಇರಲಿಲ್ಲ. ಕೆಲವದರಲ್ಲಿ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷ ಇತ್ತು.

ಮೋಸ ಮಾಡುವುದೂ ಸುಲಭ. ಸಾಮಾನ್ಯ ಪರೀಕ್ಷೆಯಲ್ಲಿ ಪ್ರೋಟೀನನ್ನೇ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದಲೋ, ಹಾಲಿನದ್ದಾದರೆ 6.38ರಿಂದಲೋ ಗುಣಿಸುತ್ತಾರೆ. ಗ್ಲೈಸಿನ್, ಟೌರಿನ್ ಮುಂತಾದ ಅಗ್ಗದ ಪುಡಿ ಬೆರೆಸಿದರೆ ಸಾರಜನಕ ಏರುತ್ತದೆ, ಚೀಟಿಯ ಅಂಕಿಯೂ ಏರುತ್ತದೆ, ತೋಳು ಇದ್ದಲ್ಲೇ ಇರುತ್ತದೆ. 2008ರಲ್ಲಿ ಚೀನಾದಲ್ಲಿ ಹಸುಗೂಸುಗಳ ಹಾಲಿನ ಪುಡಿಗೆ ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದವರೂ ನಂಬಿದ್ದು ಇದೇ ಗುಣಾಕಾರವನ್ನು. ನಮ್ಮ ಗೌಳಿ ಹಾಲಿಗೆ ನೀರು ಬೆರೆಸುತ್ತಿದ್ದ, ಪಾಪ, ಎಷ್ಟು ಪ್ರಾಮಾಣಿಕ ಕಳ್ಳ.

ಇಷ್ಟೆಲ್ಲ ತಿಳಿದವನು ಬೆಳಿಗ್ಗೆ ಏನು ಮಾಡಿದೆ ಎಂದು ಕೇಳುತ್ತೀರಲ್ಲವೇ? ಏನೂ ಮಾಡಲಿಲ್ಲ. ವಾರ್ಷಿಕ ಶುಲ್ಕದಲ್ಲಿ ಸಾವಿರ ರೂಪಾಯಿ ಬಿಡಿಸಿಕೊಳ್ಳಲು ಅದೇ ತರಬೇತುದಾರನ ಮುಂದೆ ಹಲ್ಲು ಗಿಂಜಿಕೊಂಡು ನಿಂತಿದ್ದೆ. ಖಾಕಿ ಅಂಗಿಯವರು ನೋಟು ಎಣಿಸುವಾಗ ಒಮ್ಮೆ ನನ್ನ ಮುಖ ನೋಡಿದರು, ದೊಡ್ಡವರು ಏನಾದರೂ ಹೇಳಿಯಾರೇ ಎಂಬ ಹಾಗೆ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಆ ತರಬೇತುದಾರನನ್ನೂ ಬಾಯಿ ತುಂಬ ಬೈಯಲಾರೆ. ಇಪ್ಪತ್ತನಾಲ್ಕರ ಹುಡುಗ, ಸಂಬಳ ಹದಿಮೂರು ಸಾವಿರ, ಮಾರಿದ ಡಬ್ಬಿಗೆ ಇಷ್ಟು ಎಂದು ಕಮಿಷನ್. ಅವನ ಮಧ್ಯಾಹ್ನದ ಬುತ್ತಿ ಪ್ರತಿದಿನ ಚಿತ್ರಾನ್ನ. ನೋಡಿದ್ದೇನೆ.

ಅಪ್ಪನ ಕಥೆಯನ್ನು ಹನ್ನೊಂದು ಸಲವೂ ಅರ್ಧಕ್ಕೇ ನಿಲ್ಲಿಸಿದ್ದೇನೆ. ಅವರಿಗೆ ಹತ್ತೊಂಬತ್ತಾದಾಗ ನನ್ನ ಸೋದರತ್ತೆಯ ಮದುವೆಗೆ ಎಮ್ಮೆ ಮಾರಿದರು. ಮಾರನೆಯ ದಿನ ವಸ್ತಾದರು ಅವರನ್ನು ಪಕ್ಕಕ್ಕೆ ಕರೆದು, "ಇನ್ನು ಮೇಲೆ ಅರ್ಧ ಸಾಮು ಮಾಡು, ಪೂರ್ತಿ ಮಾಡಿದರೆ ಮೈ ಮೈಯನ್ನೇ ತಿನ್ನುತ್ತದೆ" ಎಂದರಂತೆ. ಅಪ್ಪ ಅರ್ಧವನ್ನೂ ಮಾಡಲಿಲ್ಲ. ಹದಿನೈದು ದಿನಕ್ಕೆ ಗರಡಿ ಬಿಟ್ಟು ಹತ್ತಿ ಗಿರಣಿಗೆ ಸೇರಿದರು. ಅಜ್ಜ ಅದಾದ ಮೇಲೆ ಎರಡು ವರ್ಷ ಇನ್ನೊಂದು ಎಮ್ಮೆ ತರುತ್ತೇನೆ ಎನ್ನುತ್ತಲೇ ಇದ್ದರಂತೆ, ತರಲಾಗಲಿಲ್ಲ. ಇವತ್ತು ಖಾಕಿ ಅಂಗಿಯವರು ಆ ದೊಡ್ಡ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಆಟೋದ ಹಿಂದಿನ ಸೀಟಿನಲ್ಲಿ ಮಗನ ಪಕ್ಕ ಇಟ್ಟರಲ್ಲ, ಅವರ ಮಟ್ಟಿಗೆ ಅವರು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು. ಹಾಲು ಕರೆಯುವ ಎಮ್ಮೆಯನ್ನು ಕೊಟ್ಟಿದ್ದರೆ ನನಗೇಕೆ ಈ ಸಂಕಟ?

ನಾಳೆ ಆ ಹುಡುಗ ಬರುತ್ತಾನೆ, ಆರು ಗಂಟೆಯ ತಂಡಕ್ಕೆ ಹೆಸರು ಬರೆಸಿದ್ದಾನೆ. ಕೇಳುತ್ತೇನೆ. ಶುಲ್ಕ ಕಟ್ಟಿಯಾಗಿದೆ, ಸಾವಿರ ಬಿಟ್ಟಿದ್ದಾರೆ, ಇನ್ನು ಧೈರ್ಯಕ್ಕೇನು ಕೊರತೆ.

ತಿಂಡಿಗೆ ಮೂರನೆಯ ಕರೆ ಬಂತು. ಮೊಳಕೆ ಕಟ್ಟಿದ ಹುರುಳಿಯ ಉಸಲಿ, ಎರಡು ಮೊಟ್ಟೆ. ಹುರುಳಿಗೆ ಸಣ್ಣಗೆ ಚಾಕೊಲೇಟ್ ವಾಸನೆ ಇರುತ್ತದೆ, ಏಕೆಂದರೆ ಹೆಂಡತಿ ಅದನ್ನು ತುಂಬಿಟ್ಟಿರುವುದು ನನ್ನ ಮೊದಲ ಡಬ್ಬಿಯಲ್ಲಿ. ಎರಡನೆಯದರಲ್ಲಿ ತೊಗರಿಬೇಳೆ. ಗಾಳಿ ಹೋಗುವುದಿಲ್ಲ, ಹುಳು ಬೀಳುವುದಿಲ್ಲ, ಇಷ್ಟು ಗಟ್ಟಿ ಡಬ್ಬಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ಮೂರನೆಯದರಲ್ಲಿ ಇನ್ನೂ ಕಾಲುಭಾಗ ಪುಡಿ ಇದೆ. ಯಾವಾಗ ಮುಗಿಸುತ್ತೀರಿ ಎಂದು ದಿನಾ ಕೇಳುತ್ತಾಳೆ, ಕಡಲೆಕಾಯಿ ಬೀಜ ಹೊರಗೆ ಉಳಿದಿದೆಯಂತೆ.