ಗಿರಾಕಿಯೂ ನಾನೇ, ಪಾಲುದಾರನೂ ನಾನೇ

ಹಬ್ಬದ ಹಿಂದಿನ ವಾರ ಟಿವಿ ಅಂಗಡಿಯ ಮುಂದಿನ ನೂಕುನುಗ್ಗಲು ಕಂಡರೆ ಸಾಮಾನ್ಯ ಮನುಷ್ಯನಿಗೆ ತಲೆನೋವು ಬರುತ್ತದೆ. ಅಲ್ಲಿ ಮಾರುವ ಟಿವಿಗಳನ್ನು ತಯಾರಿಸುವ ಕಂಪನಿಯ ಹದಿನೈದು ಷೇರುಗಳನ್ನು ಇಟ್ಟುಕೊಂಡವನಿಗೆ ಮಾತ್ರ ರೋಮಾಂಚನವಾಗುತ್ತದೆ. ಜನ ಏನು ಕೊಳ್ಳುತ್ತಾರೆಂದು ಕಣ್ಣಾರೆ ನೋಡಿ ಷೇರು ಹುಡುಕುವ ವಿದ್ಯೆಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಹೂಡಿಕೆ ತಜ್ಞ ಪೀಟರ್ ಲಿಂಚ್. ಆಮೇಲೆ ಕಂಪನಿಯ ಲೆಕ್ಕಪತ್ರವನ್ನೂ ಓದಬೇಕೆಂದು ಅವರೇ ಹೇಳಿದ್ದಾರೆ, ಆದರೆ ಮಲ್ಲೇಶ್ವರದ ಜನಜಂಗುಳಿಯಲ್ಲಿ ಆ ಉತ್ತರಾರ್ಧ ಯಾರ ಕಿವಿಗೂ ಬೀಳುವುದಿಲ್ಲ.

ಫಜೀತಿಯೆಂದರೆ, ಅದೇ ಅಂಗಡಿಯಲ್ಲಿ ನಾನು ಗಿರಾಕಿಯಾಗಿಯೂ ನಿಂತಿರಬೇಕಾಗುತ್ತದೆ. 2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಜಿಎಸ್‌ಟಿ ಇಳಿಕೆಯ ಸುಳಿವು ಹೊರಬಿದ್ದದ್ದೇ ತಡ, ನಮ್ಮ ಮನೆಯೂ ಸೇರಿದಂತೆ ಎಷ್ಟೋ ಮನೆಗಳಲ್ಲಿ ಖರೀದಿ ಮುಂದಕ್ಕೆ ಹೋಯಿತು. ಭಣಗುಡುತ್ತಿದ್ದ ಅಂಗಡಿಯನ್ನು ಕಂಡು ನನ್ನೊಳಗಿನ ಪಾಲುದಾರ ಕಂಗಾಲಾದರೆ, ಗಿರಾಕಿ ಮಾತ್ರ ಸೆಪ್ಟೆಂಬರ್ 22ಕ್ಕಾಗಿ ಕ್ಯಾಲೆಂಡರ್ ನೋಡುತ್ತಿದ್ದ. ಅಂದಿನಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 30,000 ರೂಪಾಯಿಯ ಟಿವಿಗೆ ಸರಿಯಾಗಿ 3,000 ರೂಪಾಯಿ ಉಳಿತಾಯ. ಆ ಹಣವನ್ನು ಮ್ಯೂಚುವಲ್ ಫಂಡಿಗೆ ಹಾಕುವ ಪ್ರಸ್ತಾವವನ್ನು ನಾನು ಮಂಡಿಸುವಷ್ಟರಲ್ಲಿ ಅದು ಗೋಡೆಯ ಸ್ಟ್ಯಾಂಡಾಗಿ, ಹೆಚ್ಚುವರಿ ವಾರಂಟಿಯಾಗಿ, ಒಂದು ಸೌಂಡ್‌ಬಾರಿನ ಮುಂಗಡವಾಗಿ ಬಿಲ್ಲಿನಲ್ಲಿ ಅಚ್ಚಾಗಿತ್ತು.

“ನಮ್ಮದೇ ಕಂಪನಿಯ ಟಿವಿ ಅಲ್ವೇನ್ರೀ, ಕೊಟ್ಟ ದುಡ್ಡು ತಿರುಗಿ ನಮಗೇ ಬರುತ್ತೆ,” ಎಂದು ನನ್ನಾಕೆ ಕಾರ್ಡನ್ನು ಯಂತ್ರದ ಮೇಲಿಟ್ಟಳು. ಷೇರು ಮಾರುಕಟ್ಟೆಯ ಬಗ್ಗೆ ಅವಳು ಆಡಿದ ಏಕೈಕ ಆಶಾವಾದಿ ಮಾತು ಅದು. ಆ ಹದಿನೈದು ಷೇರುಗಳಿಗೆ ಬಂದಿದ್ದ ವರ್ಷದ ಲಾಭಾಂಶದಲ್ಲಿ ಆಟೋದವನು ಮನೆಯ ಗೇಟಿನವರೆಗೂ ಬರುತ್ತಿರಲಿಲ್ಲವೆಂಬ ಲೆಕ್ಕವನ್ನು ನಾನು ಸಾರ್ವಜನಿಕವಾಗಿ ಬಿಡಿಸಲಿಲ್ಲ. ಇನ್ನು ಷೇರಿನ ಬೆಲೆ! ತೆರಿಗೆ ಇಳಿಯುವ ಸುದ್ದಿ ಬಂದಾಗಲೇ ಏರಿದ್ದ ಅದು, ಜನ ನಿಜವಾಗಿ ಅಂಗಡಿಗೆ ನುಗ್ಗಿದ ದಿನ ಆಕಳಿಸುತ್ತ ಕುಳಿತಿತ್ತು. ನಾನು ಜನಸಂದಣಿಯನ್ನು ಕಣ್ಣಾರೆ ಕಾಣುವ ಹೊತ್ತಿಗೆ ಮಾರುಕಟ್ಟೆ ಅದನ್ನು ಎಂದೋ ಕಂಡು, ಲೆಕ್ಕಕ್ಕೆ ಹಿಡಿದು, ಮುಂದೆ ಹೋಗಿರುತ್ತದೆ.

ಇಷ್ಟಾದರೂ ಮುಹೂರ್ತ ವಹಿವಾಟು ಬಿಡಲಾದೀತೆ? ಮುಂಬೈ ಷೇರುಪೇಟೆಯಲ್ಲಿ 1957ರಿಂದ ನಡೆದುಬಂದಿರುವ, ಶುಭಕ್ಕೆಂದು ಒಂದು ಗಂಟೆ ಷೇರು ಕೊಳ್ಳುವ ಈ ದೀಪಾವಳಿ ವಹಿವಾಟು ಸಾಮಾನ್ಯವಾಗಿ ದೀಪ ಹಚ್ಚುವ ಹೊತ್ತಿನದು. 2025ರಲ್ಲಿ, ಅಂದರೆ ಅಕ್ಟೋಬರ್ 21ರಂದು, ಅದನ್ನು ಮಧ್ಯಾಹ್ನ 1.45ರಿಂದ 2.45ರವರೆಗೆ ಇಟ್ಟರು. ನಮ್ಮ ಮನೆಯಲ್ಲಿ ಬಾಳೆಎಲೆ ಹಾಸುವುದೂ ಅದೇ ಗಳಿಗೆಯಲ್ಲಿ. ಬಲಗೈ ಬೆರಳುಗಳಿಗೆಲ್ಲ ಒಬ್ಬಟ್ಟಿನ ತುಪ್ಪ ಮೆತ್ತಿಕೊಂಡಿದ್ದರಿಂದ ಎಡಗೈಯಿಂದಲೇ ಒಂದು ಷೇರಿಗೆ ಆರ್ಡರ್ ಹಾಕಹೊರಟರೆ, ಬೆರಳಚ್ಚು ಒಪ್ಪದ ಮೊಬೈಲು ಪಿನ್ ಕೇಳಿತು. ಅಷ್ಟರಲ್ಲಿ ಎಲೆಗೆ ಬಿದ್ದ ಸಾರು ಹರಿದು ಪಾಯಸದ ಪಾಲುದಾರಿಕೆ ಪಡೆದಿತ್ತು. ಆ ಒಂದು ಗಂಟೆಯಲ್ಲಿ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಏರಿದ್ದು ಸುಮಾರು 63 ಅಂಶ.

ಎದುರಿನ ಎಲೆಯಲ್ಲಿ ಅಮ್ಮ ನಿರುಮ್ಮಳವಾಗಿ ಊಟ ಮಾಡುತ್ತಿದ್ದರು. ಅವರು ಯಾವ ಆ್ಯಪನ್ನೂ ತೆರೆದವರಲ್ಲ, ಹಿಂದಿನ ದೀಪಾವಳಿಗೆ ಒಂದು ಚಿನ್ನದ ನಾಣ್ಯ ತೆಗೆದು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟವರು. ಆಗ 10 ಗ್ರಾಂಗೆ ಎಂಬತ್ತು ಸಾವಿರದ ಆಸುಪಾಸಿನಲ್ಲಿದ್ದ ಅಪರಂಜಿ ಈಗ ಒಂದೂಕಾಲು ಲಕ್ಷ ದಾಟಿತ್ತು. ಷೇರುಗಳ ಇನ್ನೊಂದು ಸೂಚ್ಯಂಕವಾದ ನಿಫ್ಟಿ ಅದೇ ಅವಧಿಯಲ್ಲಿ ಶೇ 6–7ರಷ್ಟು ಏರಿ ಸುಸ್ತಾಗಿತ್ತು. ಚಿನ್ನಕ್ಕೆ ಬಡ್ಡಿಯಿಲ್ಲ, ಲಾಭಾಂಶವಿಲ್ಲ ಎಂದು ಅವರಿಗೆ ತಿಳಿಸಿಹೇಳಲು ಅದು ಸಕಾಲವೆನಿಸಲಿಲ್ಲ.

“ಊಟದ ಮಧ್ಯೆ ಅಷ್ಟೊಂದು ಒದ್ದಾಡಿದೆಯಲ್ಲ, ಎಷ್ಟು ಬಂತು?” ಎಂದು ಅಮ್ಮ ಕೇಳಿದರು.

“ಎರಡು ರೂಪಾಯಿ ಚಿಲ್ಲರೆ, ದಲ್ಲಾಳಿ ಶುಲ್ಕ ಕಳೆಯುವ ಮುಂಚೆ.”

“ಮುಂದಿನ ವರ್ಷ ಆ ಮುಹೂರ್ತವನ್ನು ಊಟ ಆದ ಮೇಲೆ ಇಟ್ಟುಕೊಳ್ಳಿ ಅಂತ ಮುಂಬೈಯವರಿಗೆ ಒಂದು ಕಾಗದ ಬರಿ,” ಎಂದು ಅವರು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸಲು ಹೇಳಿದರು.